ನಾರಾವಿಯ ಮನೆಯ ಬಾಗಿಲು

ಓಲೆಗರಿ, ಕಡತ, ಹಳೆಯ ಪದಗಳ ಅರ್ಥವಿಚಾರ ಇವುಗಳನ್ನೇ ಈ ಪುಟದಲ್ಲಿ ಬರೆಯುತ್ತ ಬಂದವನು ಈ ತಿಂಗಳು ಗಣಕಯಂತ್ರದ ಮಾತನ್ನೆತ್ತಿದರೆ ಓದುಗರು ಬೆರಗಾಗಬಾರದು. ಇಂದು ನಮ್ಮ ಅನೇಕ ಮನೆಗಳಲ್ಲಿ ಹಿರಿಯರ ಭಾವಚಿತ್ರ, ಹೊಲಮನೆಯ ಕಾಗದ, ಮಕ್ಕಳ ಮದುವೆಯ ಚಿತ್ರಗಳೆಲ್ಲ ಯಂತ್ರದ ಹೊಟ್ಟೆಯನ್ನು ಸೇರಿವೆ. ಮಕ್ಕಳು ಒಂದೂರಿನಲ್ಲಿ, ಯಂತ್ರ ಇನ್ನೊಂದೂರಿನಲ್ಲಿ. ಅದನ್ನು ದೂರದಿಂದ ತೆರೆಯಬೇಕೆಂದು ಹೊರಟು ಸೋತವರು ಕೆಲವರಾದರೂ ಇರಬಹುದು. ಅಂಥವರಿಗಾಗಿ ನನ್ನ ಅನುಭವವನ್ನು ಬರೆಯುತ್ತಿದ್ದೇನೆ.

ನನ್ನ ತಂಗಿಯ ಯಜಮಾನರು ಗದಗದ ಕಡೆಯವರು. ಶಿಕ್ಷಕರಾಗಿ ದಕ್ಷಿಣ ಕನ್ನಡಕ್ಕೆ ಹೋದವರು ಬೆಳ್ತಂಗಡಿ ತಾಲ್ಲೂಕಿನ ನಾರಾವಿಯಲ್ಲಿಯೇ ನೆಲೆನಿಂತರು. ನಮ್ಮ ಕಡೆ ಮಾಸ್ತರರು, ಆ ಊರವರ ಬಾಯಲ್ಲಿ ಮಾಸ್ಟ್ರು. ನಾನು ಮಠದ ಪ್ರಸಾದನಿಲಯವನ್ನು ಬಿಟ್ಟಂದಿನಿಂದ ನಲವತ್ತು ವರ್ಷ ಚೀಟಿಗಳ ಮೇಲೆ ಬರೆದಿಟ್ಟ ಪದಸೂಚಿಯನ್ನು, ಸುಮಾರು ಹನ್ನೆರಡು ಸಾವಿರ ಚೀಟಿಗಳನ್ನು, ಅವರು ನಿವೃತ್ತರಾದ ಮೇಲೆ ಒಂದೊಂದಾಗಿ ಸ್ಕ್ಯಾನ್ ಮಾಡಿ ತಮ್ಮ ಕೋಣೆಯ ಹಳೆಯ ಗಣಕಯಂತ್ರವೊಂದರಲ್ಲಿ ತುಂಬಿದರು. ಆ ಮೇಲೆ ನಾನು ಧಾರವಾಡದಲ್ಲಿ ಮನೆ ಬದಲಿಸುವಾಗ ಮೂಲ ಚೀಟಿಗಳ ಎರಡು ಪೆಟ್ಟಿಗೆಗಳು ಮಳೆಗೆ ಸಿಕ್ಕಿ ಹಾಳಾದವು. ಕಳೆದ ವರ್ಷ ಮಾಸ್ತರರೂ ಲಿಂಗೈಕ್ಯರಾದರು. ಮುದ್ರಣಾಲಯದವರು ಕರಡಿಗಾಗಿ ಕಾಯುತ್ತಿದ್ದರು. ಚೀಟಿಗಳೋ ನಾರಾವಿಯ ಆ ಯಂತ್ರವೊಂದರಲ್ಲಿ ಮಾತ್ರ ಉಳಿದಿದ್ದವು.

ಯಂತ್ರವನ್ನೇ ಧಾರವಾಡಕ್ಕೆ ತರಬಹುದಿತ್ತು. ತಂಗಿ ಒಪ್ಪಲಿಲ್ಲ. "ಅವರು ಇಟ್ಟ ಜಾಗದಾಗ ಇರಲಿ ಅಣ್ಣಾ" ಎಂದಳು. ಆ ಕೋಣೆಯಿಂದ ಏನನ್ನೂ ಕದಲಿಸಲು ಅವಳಿಗೆ ಮನಸ್ಸಿಲ್ಲವೆಂದು ನನಗೆ ತಿಳಿಯಿತು. ಹೀಗಾಗಿ, ಯಂತ್ರ ಅಲ್ಲಿಯೇ ಇರಬೇಕು, ನಾನು ಇಲ್ಲಿಂದ ತೆರೆಯಬೇಕು ಎಂದಾಯಿತು.

ಮಾಸ್ತರರು ಇದ್ದಾಗಲೇ ಅದಕ್ಕೆ ಏರ್ಪಾಡು ಮಾಡಲು ಯತ್ನಿಸಿದ್ದರು. ನಾರಾವಿಯ ಮನೆಯೊಳಗೆ ಯಾವ ಫೋನಿನಿಂದಲಾದರೂ ಯಂತ್ರ ತೆರೆಯುತ್ತಿತ್ತು. ಧಾರವಾಡದಿಂದ ಒಮ್ಮೆಯೂ ತೆರೆಯಲಿಲ್ಲ. ಕೊನೆಗೆ ನಾನೇ ಹೊರಟೆ. ಮೂಡಬಿದಿರೆಯಲ್ಲಿ ಇಳಿದು ನಾರಾವಿಯ ಬಸ್ಸಿಗೆ ಕಾಯುವಾಗ ಒಂದು ಮಾತು ನೆನಪಿಗೆ ಬಂತು. ಜೈನರ ಧವಳ ಗ್ರಂಥದ ತಾಳೆಗರಿಗಳು ಆ ಊರಿನಲ್ಲಿ ಶತಮಾನಗಳ ಕಾಲ ಇದ್ದವು. ಅವು ಬೇಕಾದವರು ಅಲ್ಲಿಗೇ ಬರಬೇಕಾಗಿತ್ತು. ಅಚ್ಚಿನ ಮೊದಲ ಸಂಪುಟ ಹೊರಬಂದುದು 1939ರಲ್ಲಿ. ನನ್ನ ಚೀಟಿಗಳಿಗೆ ಅಷ್ಟು ಘನತೆಯಿಲ್ಲದಿದ್ದರೂ ಪ್ರಯಾಣ ಮಾತ್ರ ಅದೇ ಬಗೆಯದು.

ಮೊದಲನೆಯ ದೋಷ ಯಂತ್ರದ್ದಲ್ಲ. ಪಶ್ಚಿಮಘಟ್ಟದ ಬುಡದಲ್ಲಿರುವ ಆ ಊರಿನಲ್ಲಿ ಗುಡುಗು ಮಿಂಚು ಶುರುವಾದರೆ ಯಾರೂ ಪ್ಲಗ್ಗುಗಳನ್ನು ಗೋಡೆಯಲ್ಲಿ ಬಿಡುವುದಿಲ್ಲ. ತಂಗಿಯೂ ಕೀಳುತ್ತಿದ್ದಳು, ಬೆಳಿಗ್ಗೆ ಮತ್ತೆ ಸಿಕ್ಕಿಸುತ್ತಿದ್ದಳು. ಆದರೆ ವಿದ್ಯುತ್ ಮರಳಿದೊಡನೆ ತಾನಾಗಿ ಎಚ್ಚರಗೊಳ್ಳುವಂತೆ ಆ ಯಂತ್ರಕ್ಕೆ ಹೇಳಿರಲಿಲ್ಲ. ಗುಂಡಿ ಒತ್ತುವವರೆಗೆ ಅದು ಮಲಗಿಯೇ ಇರುತ್ತಿತ್ತು. ಬಯೋಸ್ ಎಂಬ ಮೂಲ ವ್ಯವಸ್ಥೆಯಲ್ಲಿ ಇದಕ್ಕೊಂದು ಆಯ್ಕೆಯುಂಟು. ಬೆಂಗಳೂರಿನಲ್ಲಿರುವ ಸೋದರ ಸೊಸೆ ಫೋನಿನಲ್ಲಿ ಹೇಳಿದಂತೆ ಅದನ್ನು ಬದಲಿಸಿದೆ. ಇನ್ನು ಮುಂದಿನ ದೋಷವನ್ನು ವಿವರಿಸುವ ಮೊದಲು ರೌಟರಿನ ಕೆಲಸವೇನೆಂದು ಹೇಳಬೇಕು.

ನಮ್ಮ ಪ್ರಸಾದನಿಲಯದಲ್ಲಿ ಇನ್ನೂರು ಹುಡುಗರಿದ್ದೆವು. ಅಂಚೆಯವನಿಗೆ ಎಲ್ಲರದೂ ಒಂದೇ ವಿಳಾಸ, ಮಠದ ವಿಳಾಸ. ಕಚೇರಿಯ ಗುಮಾಸ್ತರ ಹತ್ತಿರ ಒಂದು ದಫ್ತರವಿತ್ತು. ಯಾವ ಹುಡುಗ ಯಾರಿಗೆ ಕಾಗದ ಬರೆದನೆಂದು ಅದರಲ್ಲಿ ಬರೆದುಕೊಳ್ಳುತ್ತಿದ್ದರು. ಉತ್ತರ ಬಂದರೆ ದಫ್ತರ ನೋಡಿ ಅವನ ಕೋಣೆಗೆ ಕಳುಹಿಸುತ್ತಿದ್ದರು. ಹುಡುಗನ ಹೆಸರಿಲ್ಲದೆ, ಇಲ್ಲಿಂದ ಹೋದ ಯಾವ ಕಾಗದಕ್ಕೂ ಉತ್ತರವಲ್ಲದ ಪತ್ರವೊಂದು ಬಂದರೆ ಅದು ಕಚೇರಿಯಲ್ಲಿಯೇ ಕೊಳೆಯುತ್ತಿತ್ತು. ಮನೆಯ ರೌಟರ್ ಮಾಡುವುದು ಗುಮಾಸ್ತರ ಈ ಕೆಲಸವನ್ನೇ. ಹೊರಗಿನ ಲೋಕಕ್ಕೆ ಮನೆಯ ವಿಳಾಸ ಒಂದೇ. ಒಳಗಿನ ಫೋನು, ಟೀವಿ, ಗಣಕಗಳಿಗೆ 192.168 ಎಂದು ಆರಂಭವಾಗುವಂಥ ಖಾಸಗಿ ವಿಳಾಸಗಳು. ಈ ಸಂಖ್ಯೆಗಳನ್ನು ಮನೆಯೊಳಗಿನ ಬಳಕೆಗೆಂದು ಕಾದಿರಿಸಿದ ಕ್ರಮ 1996ರದು. ಒಳಗಿನಿಂದ ಹೋದ ಪ್ರಶ್ನೆಗೆ ಬಂದ ಉತ್ತರ ಸರಿಯಾದ ಕೋಣೆ ಸೇರುತ್ತದೆ. ಹೊರಗಿನಿಂದ ತಾನಾಗಿ ಬಂದ ಕರೆ ಯಾರಿಗೆಂದು ರೌಟರಿಗೆ ತಿಳಿಯದು. "ಇಂಥ ಸಂಖ್ಯೆಯ ಬಾಗಿಲಿಗೆ ಬಂದ ಕರೆಯನ್ನು ಇಂಥ ಯಂತ್ರಕ್ಕೆ ಕೊಡು" ಎಂದು ಮೊದಲೇ ಬರೆದಿಡಬೇಕು. ಇದನ್ನು ಪೋರ್ಟ್ ಫಾರ್ವರ್ಡಿಂಗ್ ಎನ್ನುತ್ತಾರೆ.

ಮಾಸ್ತರರು ಅದನ್ನು ಬರೆದಿದ್ದರು, ಸರಿಯಾಗಿಯೇ ಬರೆದಿದ್ದರು. ಆದರೆ ರೌಟರ್ ಒಳಗಿನ ವಿಳಾಸಗಳನ್ನು ಯಂತ್ರಗಳಿಗೆ ತಾನೇ ಹಂಚುತ್ತದೆ, ಪ್ಲಗ್ ಕಿತ್ತು ಹಾಕಿದಾಗ ಹಂಚಿಕೆ ಬದಲಾಗಬಹುದು. ಬರಹ ಕೊನೆಯ ಸಂಖ್ಯೆ 10 ಇದ್ದ ಯಂತ್ರಕ್ಕೆ, ಯಂತ್ರವೋ ಈಗ 14ರಲ್ಲಿ ಕುಳಿತಿತ್ತು. ಹುಡುಗ ಕೋಣೆ ಬದಲಿಸಿದ್ದಾನೆ, ದಫ್ತರದಲ್ಲಿ ಹಳೆಯ ಕೋಣೆಯೇ ಇದೆ! ಪ್ರತಿಯೊಂದು ಯಂತ್ರಕ್ಕೂ ಹುಟ್ಟಿನಿಂದ ಬಂದ ಮ್ಯಾಕ್ ಸಂಖ್ಯೆಯೊಂದಿರುತ್ತದೆ. ಆ ಸಂಖ್ಯೆಯದಕ್ಕೆ ಯಾವಾಗಲೂ 10ನ್ನೇ ಕೊಡೆಂದು ರೌಟರಿಗೆ ತಿಳಿಸಿದೆವು.

ಅನಂತರ ಮನೆಯ ಫೋನಿನಿಂದಲೇ ಹೊರವಿಳಾಸವನ್ನು ಒತ್ತಿ ಪರೀಕ್ಷಿಸುತ್ತ ಒಂದು ಅಪರಾಹ್ನವನ್ನೇ ಕಳೆದೆ. ತಂತಿ ಜೋಡಿಸಲು ಬರುವ ಆ ಊರಿನ ತರುಣನೊಬ್ಬ ಸಂಜೆ ಬಂದವನು ನಕ್ಕುಬಿಟ್ಟ. "ಒಳಗೆ ಕೂತ್ಕೊಂಡು ಹೊರಗಿನ ಬಾಗಿಲು ಬಡಿದ್ರೆ ಹೇಗೆ ಮಾರಾಯ್ರೆ? ವೈಫೈ ತೆಗೆದು ಸಿಮ್ಮಿನ ನೆಟ್ಟಿನಲ್ಲಿ ನೋಡಿ" ಎಂದ. ಮನೆಯೊಳಗಿನಿಂದ ಮನೆಯದೇ ಹೊರವಿಳಾಸಕ್ಕೆ ಹೋದ ಕರೆಯನ್ನು ಹಿಂದಕ್ಕೆ ತಿರುಗಿಸಿ ಒಳಗೆ ತರುವುದು ಎಲ್ಲ ರೌಟರುಗಳಿಗೂ ಬರುವುದಿಲ್ಲವಂತೆ. ಆದ್ದರಿಂದ ಆ ಬಗೆಯ ಪರೀಕ್ಷೆಯಿಂದ ಏನೂ ಸಿದ್ಧಿಸದು.

ಆತನೇ ಇನ್ನೊಂದನ್ನೂ ತೋರಿಸಿದ. ಮನೆಯಲ್ಲಿ ಪೆಟ್ಟಿಗೆಗಳು ಎರಡಿದ್ದವು. ಫೈಬರ್ ತಂತಿಯೊಡನೆ ಬಂದದ್ದೊಂದು. ಪಡಸಾಲೆಯವರೆಗೆ ವೈಫೈ ಮುಟ್ಟದೆಂದು ಮಾಸ್ತರರು ಆಮೇಲೆ ಕೊಂಡದ್ದೊಂದು. ಎರಡೂ ಗುಮಾಸ್ತಿಕೆ ಮಾಡುತ್ತಿದ್ದವು. ಯಂತ್ರವಿದ್ದದ್ದು ಎರಡನೆಯದರ ಹಿಂದೆ, ನಿಯಮವನ್ನು ಬರೆದದ್ದೂ ಎರಡನೆಯದರಲ್ಲಿ. ಹೊರಗಿನ ಕರೆ ಮೊದಲನೆಯದರಲ್ಲೇ ನಿಂತುಹೋಗುತ್ತದೆ. ಎರಡನೆಯ ಪೆಟ್ಟಿಗೆಯ ಪುಟದಲ್ಲಿ ಅದರ ಹೊರವಿಳಾಸವೂ 192.168 ಎಂದಿದ್ದುದೇ ಇದರ ಕುರುಹು. ಅದನ್ನು ವೈಫೈ ಹರಡುವ ಕೆಲಸಕ್ಕೆ ಮಾತ್ರ ನಿಲ್ಲಿಸಿ, ವಿಳಾಸ ಕಾದಿರಿಸುವುದನ್ನೂ ಬಾಗಿಲಿನ ನಿಯಮವನ್ನೂ ಮೊದಲನೆಯದರಲ್ಲಿ ಹೊಸದಾಗಿ ಬರೆದೆವು.

ಸೊಸೆ ಬೆಂಗಳೂರಿನಿಂದ ನೋಡಿದಳು. ತೆರೆಯಲಿಲ್ಲ.

ಅಂದು ರಾತ್ರಿ ನನಗೆ ನಿಜವಾಗಿಯೂ ನಿರಾಶೆಯಾಯಿತು. ಮರುದಿನ ಸೊಸೆ ಒಂದು ಪ್ರಶ್ನೆ ಕೇಳಿದಳು: "ಮಾಮಾ, ಮೊದಲನೇ ಪೆಟ್ಟಿಗ್ಯಾಗ ಹೊರಗಿನ ವಿಳಾಸ ಏನಂತ ಐತಿ, ಓದ್ರಿ." ಓದಿದೆ, 100.72 ಎಂದು ಆರಂಭವಾಗಿತ್ತು. ನಮ್ಮ ವಿಳಾಸವೇನೆಂದು ಹೇಳುವ ಅಂತರಜಾಲ ತಾಣವನ್ನು ತೆರೆಯಲು ಹೇಳಿದಳು. ಅಲ್ಲಿ ಬೇರೆಯೇ ಸಂಖ್ಯೆ ಇತ್ತು. "ಹಂಗಾದ್ರ ಮನ್ಯಾಗ ಏನ್ ಮಾಡಿದ್ರೂ ಆಗಂಗಿಲ್ರಿ" ಎಂದಳು.

ಇದರ ಕಾರಣ ತುಸು ಹಿಂದಿನದು. 1981ರಲ್ಲಿ ನಿಶ್ಚಯವಾದ ಅಂತರಜಾಲದ ವಿಳಾಸಪದ್ಧತಿಯಲ್ಲಿ ಒಟ್ಟು ವಿಳಾಸಗಳು 429 ಕೋಟಿಗಳಷ್ಟು ಮಾತ್ರ. ಇವು ಸಾಲವೆಂಬುದು ಬೇಗನೆ ತಿಳಿಯಿತು. ಒಂದು ಹೊರವಿಳಾಸದ ಹಿಂದೆ ಅನೇಕ ಯಂತ್ರಗಳನ್ನು ಕೂರಿಸುವ ಉಪಾಯವನ್ನು ಎಗೆವಾಂಗ್ ಮತ್ತು ಫ್ರಾನ್ಸಿಸ್ ಎಂಬಿಬ್ಬರು 1994ರಲ್ಲಿ ಬರೆದಿಟ್ಟರು, ಅದೂ ಅಲ್ಪಕಾಲದ ಪರಿಹಾರವೆಂದು ಹೇಳಿಯೇ. ಅಲ್ಪಕಾಲದ್ದು ಮೂವತ್ತು ವರ್ಷ ದಾಟಿತು. (ನಮ್ಮ ಸಂಸ್ಥೆಗಳಲ್ಲಿ ತಾತ್ಕಾಲಿಕವೆಂದು ಕಟ್ಟಿದ ತಗಡಿನ ಚಪ್ಪರಗಳೂ ಹೀಗೆಯೇ.) 2011ರ ಫೆಬ್ರವರಿ 3ರಂದು ಜಗತ್ತಿನ ಕೇಂದ್ರ ಭಂಡಾರದ ವಿಳಾಸಗಳು ಮುಗಿದವು, ಅದೇ ಏಪ್ರಿಲಿನಲ್ಲಿ ನಮ್ಮ ಏಷ್ಯಾ ವಿಭಾಗದ ಸಾಮಾನ್ಯ ಹಂಚಿಕೆಯೂ ನಿಂತಿತು. ಆಮೇಲೆ ಸಂಪರ್ಕ ಕೊಡುವ ಸಂಸ್ಥೆಗಳೂ ಗುಮಾಸ್ತರನ್ನು ನೇಮಿಸಿದವು: ನೂರಾರು ಮನೆಗಳಿಗೆ ಒಂದೇ ನಿಜವಾದ ಹೊರವಿಳಾಸ, ಪ್ರತಿ ಮನೆಗೆ ನಡುವಣದೊಂದು ವಿಳಾಸ. ಈ ನಡುವಣ ಬಳಕೆಗೆಂದೇ 2012ರಲ್ಲಿ 100.64ರಿಂದ 100.127ರವರೆಗಿನ ಸುಮಾರು 42 ಲಕ್ಷ ಸಂಖ್ಯೆಗಳನ್ನು ಕಾದಿರಿಸಲಾಯಿತು. ನಮ್ಮ 100.72 ಆ ಮೇರೆಯೊಳಗಿನದು. ಮಠದ ದಫ್ತರ ಎಷ್ಟು ಸರಿಯಾಗಿದ್ದರೇನು, ತಾಲ್ಲೂಕಿನ ಅಂಚೆ ಕಚೇರಿಯೇ ಊರೂರುಗಳಿಗೆಲ್ಲ ಒಂದೇ ವಿಳಾಸವಿಟ್ಟುಕೊಂಡಿದ್ದರೆ? ಆ ಕಚೇರಿಯ ದಫ್ತರದಲ್ಲಿ ಬರೆಯಲು ನಮಗೆ ಅಧಿಕಾರವಿಲ್ಲ.

ಆದ್ದರಿಂದ ಓದುಗರಲ್ಲಿ ಯಾರಾದರೂ ಈ ಕಾರ್ಯಕ್ಕೆ ಕೈಯಿಕ್ಕುವುದಾದರೆ ಮೊಟ್ಟಮೊದಲು ನೋಡಬೇಕಾದುದು ಈ ಎರಡು ಸಂಖ್ಯೆಗಳನ್ನು. ರೌಟರ್ ಹೇಳುವ ಹೊರವಿಳಾಸವೂ ಅಂತರಜಾಲ ಕಾಣುವ ವಿಳಾಸವೂ ಒಂದೇ ಆಗಿದ್ದರೆ ಮನೆಯಲ್ಲಿ ದುಡಿದು ಫಲವುಂಟು. ಬೇರೆಯಾಗಿದ್ದರೆ ನಾನು ಕಳೆದ ಎರಡು ದಿನಗಳನ್ನು ನೀವು ಉಳಿಸಿಕೊಳ್ಳಬಹುದು.

ಇನ್ನು ಉಪಾಯ. ಸಂಸ್ಥೆಗೆ ಹೆಚ್ಚಿನ ಶುಲ್ಕ ತೆತ್ತು ಸ್ವಂತ ಸ್ಥಿರವಿಳಾಸ ಪಡೆಯುವುದು ಒಂದು. ಹೊಸ ವಿಳಾಸಪದ್ಧತಿ, ಐಪಿವಿ6 ಎಂಬುದು, ಇನ್ನೊಂದು. ಅದರಲ್ಲಿ ವಿಳಾಸಗಳಿಗೆ ಬರವೇ ಇಲ್ಲ, ನಮ್ಮ ದೇಶದಲ್ಲಿ ಬಳಕೆಯೂ ವ್ಯಾಪಕವಾಗಿದೆ. ನಾರಾವಿಯಲ್ಲಿ ಅದು ಇತ್ತು. ಧಾರವಾಡದ ನನ್ನ ಮನೆಯ ಸಂಪರ್ಕದಲ್ಲಿ ಇಲ್ಲ. ಒಂದೇ ಕಡೆ ಇದ್ದು ಪ್ರಯೋಜನವಿಲ್ಲ.

ಸ್ಥಿರವಿಳಾಸವನ್ನು ನಾನು ಬೇಡವೆಂದುದಕ್ಕೆ ಹಣ ಕಾರಣವಲ್ಲ. ರೌಟರಿನ ಪುಟಗಳನ್ನು ಮಗುಚುವಾಗ ಸೊಸೆಗೆ ಮತ್ತೊಂದು ಸಂಗತಿ ಕಂಡಿತು. ಹಿಂದೆ ಯಾವುದೋ ಅಂಗಡಿಯವನು ಬಂದು, ಯಾವ ಬಾಗಿಲಿಗೆ ಬಂದ ಕರೆಯನ್ನೂ ನೇರವಾಗಿ ಯಂತ್ರಕ್ಕೆ ಕೊಡುವಂತೆ ಡಿಎಂಜಡ್ ಎಂಬ ಏರ್ಪಾಡು ಮಾಡಿ ಹೋಗಿದ್ದ. ಯಂತ್ರದ ಗುಪ್ತಪದವೋ ಮಾಸ್ತರರ ಡೈರಿಯ ಮೊದಲ ಪುಟದಲ್ಲಿದ್ದ ನಾಲ್ಕಕ್ಷರದ ಹೆಸರು. ಸ್ವಂತ ಹೊರವಿಳಾಸ ಇಲ್ಲದಿದ್ದುದರಿಂದಲೇ ಹಳೆಯ ಪದ್ಧತಿಯ ದಾರಿಯಲ್ಲಿ ಅನ್ಯರಾರೂ ಆ ಬಾಗಿಲಿಗೆ ಬರಲಾಗಿರಲಿಲ್ಲ. ನನ್ನನ್ನು ಹೊರಗೆ ನಿಲ್ಲಿಸಿದ ಗೋಡೆಯೇ ಚೀಟಿಗಳನ್ನು ಕಾದಿತ್ತು. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ಸುಲಿಗೆಯ ತಂತ್ರಾಂಶವು ಅಂತರಜಾಲಕ್ಕೆ ನೇರವಾಗಿ ತೆರೆದುಕೊಂಡಿದ್ದ ಮನೆಮನೆಯ ಸಂಗ್ರಹಯಂತ್ರಗಳಿಗೆ ನುಗ್ಗಿ, ಕಡತಗಳಿಗೆ ಬೀಗ ಜಡಿದು ಹಣ ಕೇಳಿತ್ತು. ಇದನ್ನು ಕೇಳಿದ ಮೇಲೆ ಡಿಎಂಜಡ್ಡನ್ನೂ ಎಲ್ಲ ಬಾಗಿಲಿನ ನಿಯಮಗಳನ್ನೂ ಅಳಿಸಿ, ಗುಪ್ತಪದ ಬದಲಿಸಿ, ಮೊದಲು ಎಲ್ಲವನ್ನೂ ಬೇರೊಂದು ಹಾರ್ಡ್ ಡಿಸ್ಕಿಗೆ ಪ್ರತಿ ಮಾಡಿಕೊಂಡೆ. ಹೋದ ದಿನವೇ ಮಾಡಬೇಕಾಗಿದ್ದ ಕೆಲಸ. ಇಷ್ಟು ದಿನ ಒಂದೇ ಪ್ರತಿಯ ಮೇಲೆ ನಲವತ್ತು ವರ್ಷ ನಿಂತಿತ್ತೆಂಬುದನ್ನು ನೆನೆದರೆ ಈಗಲೂ ಮೈ ನಡುಗುತ್ತದೆ. ಪ್ರತಿ ಕೈಸೇರಿದರೂ ದಾರಿ ಬೇಕಿತ್ತು. ಮಾಸ್ತರರು ಅಕ್ಷರ ಮಾಸಿದ ಚೀಟಿಗಳ ಬಗ್ಗೆ ತಮ್ಮ ಧ್ವನಿಯಲ್ಲಿ ಟಿಪ್ಪಣಿ ಹೇಳಿಟ್ಟಿದ್ದರು, ಅದನ್ನು ಸೊಸೆ ಬೆಂಗಳೂರಿನಿಂದ ಕೇಳುತ್ತ ಯಂತ್ರದಲ್ಲಿಯೇ ಅಕ್ಷರಕ್ಕಿಳಿಸುವಳೆಂದು ಗೊತ್ತಾಗಿತ್ತು.

ಸೊಸೆ ಆಯ್ದುಕೊಂಡದ್ದು ಮೂರನೆಯ ದಾರಿ. ಹೊರಗಿನವರು ಒಳಗೆ ಬರಲಾಗದಿದ್ದರೆ ಒಳಗಿನದೇ ಹೊರಗೆ ಹೋಗಲಿ. ನಿಜವಾದ ಹೊರವಿಳಾಸವಿರುವ ಒಂದು ಸಣ್ಣ ಯಂತ್ರವನ್ನು ಅವಳು ತಿಂಗಳ ಬಾಡಿಗೆಗೆ ಹಿಡಿದಳು. ನಾರಾವಿಯ ಯಂತ್ರ ತಾನಾಗಿ ಅದನ್ನು ಕರೆಯುತ್ತದೆ. ಧಾರವಾಡದ ನನ್ನ ಲ್ಯಾಪ್‌ಟಾಪೂ ಅದನ್ನೇ ಕರೆಯುತ್ತದೆ. ಇಬ್ಬರೂ ಅಲ್ಲಿ ಸಂಧಿಸುತ್ತಾರೆ. ಇದಕ್ಕೆ ಬಳಸಿದ ತಂತ್ರಾಂಶ ವೈರ್‌ಗಾರ್ಡ್. ಜೇಸನ್ ಡೊನೆನ್‌ಫೆಲ್ಡ್ ಎಂಬಾತ ರಚಿಸಿದ ಇದು 2020ರ ಮಾರ್ಚಿನಲ್ಲಿ ಲಿನಕ್ಸ್ ವ್ಯವಸ್ಥೆಯ ತಿರುಳಿನೊಳಗೇ ಸೇರಿತು, ಉಚಿತವಾಗಿ ದೊರೆಯುತ್ತದೆ. ಪ್ರತಿ ಯಂತ್ರಕ್ಕೂ ಎರಡು ಕೀಲಿಗಳು. ಗುಟ್ಟಿನದು ಆ ಯಂತ್ರವನ್ನು ಬಿಟ್ಟು ಹೋಗಕೂಡದು. ಬಹಿರಂಗದ್ದನ್ನು ಎದುರಿನ ಯಂತ್ರಕ್ಕೆ ಕೊಡಬೇಕು. ಕೀಲಿ ಪರಿಚಯವಿಲ್ಲದ ಕರೆಗೆ ವೈರ್‌ಗಾರ್ಡ್ ಉತ್ತರವನ್ನೇ ಕೊಡುವುದಿಲ್ಲ.

ಅದೂ ಮೊದಲ ಸಲಕ್ಕೆ ಏಳಲಿಲ್ಲ. ಸೊಸೆ ಅರ್ಧಗಂಟೆ ಹುಡುಕಿದಳು. ಕೀಲಿಯಲ್ಲಿ ಎಷ್ಟು ಅಕ್ಷರಗಳಿರಬೇಕೆಂದು ಕೇಳಿದೆ. 44 ಎಂದಳು. ನಾನು ಬೆರಳಿಟ್ಟು ಎಣಿಸಿದೆ, 43 ಇದ್ದವು. ಕೊನೆಯ ಸಮಚಿಹ್ನೆ ನಾನು ನಕಲು ಮಾಡುವಾಗ ಬಿಟ್ಟುಹೋಗಿತ್ತು. ಕರಡು ತಿದ್ದಿ ಕಣ್ಣು ಸವೆಸಿಕೊಂಡವನಿಂದ ಇಡೀ ಪ್ರಕರಣದಲ್ಲಿ ಆದ ಉಪಕಾರ ಇದೊಂದೇ.

ಇನ್ನೊಂದು ಸಾಲನ್ನು ಸೇರಿಸಬೇಕಾಯಿತು. ಗುಮಾಸ್ತರು ಬಹಳ ಹೊತ್ತು ಪತ್ರವ್ಯವಹಾರವಿಲ್ಲದ ಹೆಸರನ್ನು ದಫ್ತರದಿಂದ ಹೊಡೆದುಹಾಕುತ್ತಾರೆ. ಹಾಗಾಗದಂತೆ ನಾರಾವಿಯ ಯಂತ್ರ ಪ್ರತಿ 25 ಸೆಕೆಂಡಿಗೊಮ್ಮೆ ಒಂದು ಬರಿದಾದ ಕಾಗದವನ್ನು ಹೊರಗೆ ಕಳುಹಿಸುತ್ತಿರುತ್ತದೆ.

ಧಾರವಾಡಕ್ಕೆ ಮರಳಿ ಆರು ವಾರಗಳಾದವು. ಚೀಟಿಗಳಲ್ಲಿ ಮೂರನೆಯ ಒಂದು ಭಾಗದ ಕರಡು ಮುದ್ರಣಾಲಯಕ್ಕೆ ಹೋಗಿದೆ. ಮೊನ್ನೆ ಸಂಜೆ ಮಾಸ್ತರರ ಟಿಪ್ಪಣಿಯೊಂದನ್ನು ಕೇಳುತ್ತಿದ್ದೆ; ಚೀಟಿಯಲ್ಲಿ ನಾನು ಬರೆದ ಅರ್ಥವನ್ನು ಅವರು ತಮ್ಮ ಎಂದಿನ ಮೃದುದನಿಯಲ್ಲಿ ಒಪ್ಪದೆ ವಾದಿಸುತ್ತಿದ್ದರು. ಮಾತು ನಡುವೆಯೇ ನಿಂತಿತು, ಪರದೆ ಸ್ತಬ್ಧವಾಯಿತು. ರೌಟರನ್ನು ನೋಡಲು ಏಳುವಷ್ಟರಲ್ಲಿ ಫೋನು ಬಾರಿಸಿತು.

"ಅಣ್ಣಾ, ಗುಡುಗು ಭಾಳ ಐತಿ. ಪ್ಲಗ್ ತೆಗೆದೇನಿ. ಬೆಳಿಗ್ಗೆ ಹಾಕ್ತೀನಿ" ಎಂದಳು ತಂಗಿ.