ಮಾರಿಯೊಗೆ ಸಂದ ಕೀರ್ತಿ ಸಲ್ಲತಕ್ಕದ್ದೆ?

ಹಳೆಯದನ್ನೆಲ್ಲ ಹಿರಿದೆಂದು ಹೊಗಳುವುದು ಒಂದು ರೂಢಿ. 1985ರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆ ಹೊರತಂದ ‘ಸೂಪರ್ ಮಾರಿಯೊ ಬ್ರದರ್ಸ್’ ಎಂಬ ವಿಡಿಯೊ ಆಟದ ಕೀರ್ತಿಯೂ ಅಂಥದೇ ಎಂದು ಕೆಲವು ಮಿತ್ರರ ವಾದ. ಅವರ ಆಕ್ಷೇಪಣೆಗಳು ನಿರಾಧಾರವಲ್ಲ. ಒಮ್ಮೆ ಮುಂದೆ ಸಾಗಿದರೆ ತೆರೆ ಹಿಂದಕ್ಕೆ ಸರಿಯದು. ಕೆಲವು ಕೋಟೆಗಳು ಹಿಂದಿನವುಗಳ ಪುನರಾವೃತ್ತಿ. ಏಳು ಕೋಟೆಗಳನ್ನು ಗೆದ್ದರೂ ರಾಜಕುಮಾರಿ ಬೇರೊಂದರಲ್ಲಿಯೇ ಇರುತ್ತಾಳೆ.

ಆದರೂ ಈ ಕೀರ್ತಿ ಸಲ್ಲತಕ್ಕದ್ದೇ ಎಂಬುದು ನನ್ನ ಮತ. ಅದಕ್ಕೆ ಮೊದಲನೆಯ ಹಂತವೇ ಪ್ರಮಾಣ. ಆಡುವ ಬಗೆಯನ್ನು ತಿಳಿಸುವ ಒಂದು ಸಾಲೂ ಅಲ್ಲಿಲ್ಲ. ಮಾರಿಯೊ ಎಡಗಡೆ ನಿಂತಿದ್ದಾನೆ, ಬಲಗಡೆ ಬಯಲಿದೆ. ಆದುದರಿಂದ ಬಲಕ್ಕೆ ನಡೆಯುತ್ತೇವೆ. ಎದುರಿಗೆ ಶತ್ರು ಬರುತ್ತಾನೆ. ತಗುಲಿದರೆ ಸಾವು, ಹಾರಿ ತುಳಿದರೆ ಜಯ. ಸತ್ತರೂ ನಷ್ಟ ಅಲ್ಪ. ನಾಲ್ಕು ಹೆಜ್ಜೆ ಇಟ್ಟರೆ ಮತ್ತೆ ಅದೇ ಶತ್ರು, ಈ ಸಲ ತುಳಿಯಬಲ್ಲೆವು. ಮೋಡಕ್ಕೂ ಪೊದೆಗೂ ಒಂದೇ ಚಿತ್ರವನ್ನು ಬಣ್ಣ ಬದಲಿಸಿ ಬಳಸಬೇಕಾದಷ್ಟು ಇಕ್ಕಟ್ಟಾದ, ಸುಮಾರು 40 ಕಿಲೋಬೈಟುಗಳ ಸ್ಥಳದಲ್ಲಿ ಶಿಗೆರು ಮಿಯಾಮೊಟೊ ಮತ್ತು ಸಂಗಡಿಗರು ಇದನ್ನು ಸಾಧಿಸಿದರು.

ಅಧ್ಯಾಪಕ ಮಹಾಶಯರು ಕ್ಷಮಿಸಬೇಕು: ನೋಟ್ಸು ಬರೆಯಿಸಿ ಕಲಿಸಿದ್ದು ಪರೀಕ್ಷೆಯವರೆಗೆ ಉಳಿಯುತ್ತದೆ, ಎಡವಲು ಬಿಟ್ಟು ಕಲಿಸಿದ್ದು ಮರೆಯುವುದಿಲ್ಲ. ಆ ಆಟ ದೊಡ್ಡದೆನಿಸುವುದು ಇದರಿಂದಲೇ ಹೊರತು ಅದರ ವಯಸ್ಸಿನಿಂದಲ್ಲ.