ಬೈಕು ಹಸಿರಲ್ಲ, ಬೈಕು ಸವಾರ ಅಪರಾಧಿಯೂ ಅಲ್ಲ

ಪೀಣ್ಯದ ಕಾರ್ಖಾನೆಗಳಿಗೋ, ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳಿಗೋ ಮಕ್ಕಳನ್ನು ಕಳುಹಿಸದ ಊರು ಮಲೆನಾಡಿನಲ್ಲಿ ವಿರಳ. ಆ ಮಕ್ಕಳಲ್ಲಿ ಅನೇಕರು ಮಾಡುವ ಮೊದಲ ಸಾಲ ಬೈಕಿನದು. ಇದನ್ನು ಶೋಕಿಯೆಂದು ಜರೆಯುವವರಿದ್ದಾರೆ. ಕಡಿಮೆ ಇಂಧನ, ಕಡಿಮೆ ಜಾಗ, ಆದ್ದರಿಂದ ಬೈಕೇ ಸುಸ್ಥಿರ ಸಾರಿಗೆ ಎಂದು ಕೊಂಡಾಡುವವರೂ ಇದ್ದಾರೆ. ಈ ಎರಡೂ ವಾದಗಳು ಆಳುವವರ ಹೊಣೆಗೇಡಿತನವನ್ನು ಮರೆಮಾಚುತ್ತವೆ.

ಎಲೆಕ್ಟ್ರಾನಿಕ್ ಸಿಟಿ ರೂಪುಗೊಂಡದ್ದು 1970ರ ದಶಕದ ಕೊನೆಯಲ್ಲಿ. ಮೆಟ್ರೊ ಅಲ್ಲಿಗೆ ತಲುಪಿದ್ದು 2025ರ ಆಗಸ್ಟ್‌ನಲ್ಲಿ. ಪೀಣ್ಯಕ್ಕೆ ಅದು 2014ರಲ್ಲಿ, ವೈಟ್‌ಫೀಲ್ಡ್‌ಗೆ 2023ರಲ್ಲಿ ಬಂದಿತು. ಉದ್ದಿಮೆಗಳಿಗೆ ಭೂಮಿಯನ್ನೂ ವಿದ್ಯುತ್ತನ್ನೂ ಒದಗಿಸಿದ ಸರ್ಕಾರಗಳು, ದುಡಿಯುವವರು ಬಂದು ಹೋಗುವ ವೆಚ್ಚವನ್ನು ಮಾತ್ರ ಅವರ ಜೇಬಿಗೇ ಬಿಟ್ಟವು. ಮೆಟ್ರೊ ಬಂದ ಮೇಲಾದರೂ ಏನಾಯಿತು? 2025ರ ಫೆಬ್ರುವರಿಯಲ್ಲಿ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ಪೀಣ್ಯದ ನಿಲ್ದಾಣ ತುಮಕೂರು ರಸ್ತೆಯಲ್ಲಿದೆ; ಕಾರ್ಖಾನೆಗಳ ಬಾಗಿಲುಗಳು ಒಳಗೆ ದೂರದಲ್ಲಿವೆ. ರಾತ್ರಿ ಪಾಳಿ ಮುಗಿಸಿದವನಿಗೆ ಬೈಕಲ್ಲದೆ ಬೇರೆ ಗತಿಯೇನು?

ಇಂದು ಬೆಂಗಳೂರಿನ ನೋಂದಾಯಿತ ವಾಹನಗಳಲ್ಲಿ ಸುಮಾರು ಮೂರನೆಯ ಎರಡು ಭಾಗ ದ್ವಿಚಕ್ರ ವಾಹನಗಳೇ. ಒಂದು ಬಸ್ಸಿನಲ್ಲಿ ಹೋಗಬಹುದಾದ ಐವತ್ತು ಜನ ಐವತ್ತು ಬೈಕುಗಳಲ್ಲಿ ಹೊರಟರೆ ಅದು ಮಿತವ್ಯಯವೆನಿಸದು. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು, ಅವರಲ್ಲಿ ಶೇ. 44.5ರಷ್ಟು ಮಂದಿ ದ್ವಿಚಕ್ರ ವಾಹನಗಳಲ್ಲಿದ್ದವರು. ವಿದ್ಯುತ್ ಬೈಕು ಹೊಗೆಯನ್ನು ತಪ್ಪಿಸೀತು, ಈ ಸಾವುಗಳನ್ನಲ್ಲ. ಇಷ್ಟು ಜೀವಗಳನ್ನು ಬಲಿ ಪಡೆಯುವ ವ್ಯವಸ್ಥೆಗೆ ಸುಸ್ಥಿರವೆಂಬ ಹೆಸರು ಒಪ್ಪದು.

ಸ್ವಂತ ವಾಹನವನ್ನೇ ನಂಬಿದ ನಗರ ಎತ್ತೆತ್ತಲೂ ಹರಡುತ್ತದೆ. ಹರಡಿದಷ್ಟೂ ಅದರ ದಾಹ ಹೆಚ್ಚುತ್ತದೆ. ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೊಯ್ಯುವ ಪ್ರಸ್ತಾವದ ವಿರುದ್ಧ 2019ರ ಜುಲೈನಲ್ಲಿ ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿದ್ದನ್ನು ನಾವು ಮರೆತಿಲ್ಲ. ನಗರದ ಸಾರಿಗೆ ನೀತಿ ನಮ್ಮ ಕಣಿವೆಗಳ ಪ್ರಶ್ನೆಯೂ ಹೌದು.

ಬೈಕ್ ಟ್ಯಾಕ್ಸಿಯ ವಿಷಯದಲ್ಲಿ ನಡೆದದ್ದನ್ನು ನೋಡಿ. 2021ರಲ್ಲಿ ಸರ್ಕಾರ ವಿದ್ಯುತ್ ಬೈಕ್ ಟ್ಯಾಕ್ಸಿ ಯೋಜನೆ ತಂದಿತು, 2024ರಲ್ಲಿ ಹಿಂಪಡೆಯಿತು. 2025ರ ಏಪ್ರಿಲ್‌ನಲ್ಲಿ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠದ ಆದೇಶ ಬಂತು. ಜೂನ್ 16ರಿಂದ ಸೇವೆ ನಿಂತಿತು. ಅನಂತರ ಮೇಲ್ಮನವಿಗಳು ನಡೆದವು. ಈ ಹಗ್ಗಜಗ್ಗಾಟದಲ್ಲಿ ನಲುಗಿದವರು ದಿನಗೂಲಿಯಂತೆ ಬೈಕು ಓಡಿಸುತ್ತಿದ್ದ ಯುವಕರು. ನೀತಿಯಿಲ್ಲದೆ ಅನುಮತಿಸುವುದೂ ತಪ್ಪು, ಪರ್ಯಾಯವಿಲ್ಲದೆ ನಿಷೇಧಿಸುವುದೂ ತಪ್ಪು.

ರಸ್ತೆಯಲ್ಲಿ ಆದ್ಯತೆ ಜನರ ಸಂಚಾರಕ್ಕೇ ಹೊರತು ವಾಹನಗಳಿಗಲ್ಲವೆಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ಒಪ್ಪಿಕೊಂಡಿದೆ. ಹಾಗಾದರೆ ಬೈಕಿಗೆ ಸಲ್ಲುವ ಸ್ಥಾನ ನಿಲ್ದಾಣದಿಂದ ಕಾರ್ಖಾನೆಯ ಬಾಗಿಲವರೆಗಿನ ಕೊಂಡಿಯದು ಮಾತ್ರ. ಅದೂ ಸವಾರನಿಗೆ ವಿಮೆ ಮತ್ತು ನ್ಯಾಯವಾದ ಕೂಲಿಯೊಂದಿಗೆ. ಉಳಿದ ದಾರಿಗೆ ಪಾಳಿಯ ವೇಳೆಗೆ ಹೊಂದುವ ಬಸ್ಸುಗಳು ಬೇಕು, ನಡೆಯಬಲ್ಲ ಕಾಲುದಾರಿಗಳು ಬೇಕು, ಅವುಗಳ ವೆಚ್ಚದಲ್ಲಿ ಉದ್ದಿಮೆಗಳ ಪಾಲೂ ಬೇಕು.

ನಾಳೆ ಬೆಂಗಳೂರಿನ ಬಸ್ಸು ಹತ್ತಲಿರುವ ವಿದ್ಯಾರ್ಥಿ ಮಿತ್ರರೇ, ಉದ್ಯೋಗ ಕೊಡುವವರನ್ನು ಸಂಬಳವೆಷ್ಟೆಂದು ಕೇಳುವಾಗ ರಾತ್ರಿ ಮನೆಗೆ ಮರಳುವುದು ಹೇಗೆಂದೂ ಕೇಳಿರಿ. ಆ ಪ್ರಶ್ನೆ ಸಾವಿರ ಬಾಯಿಗಳಿಂದ ಬಂದ ದಿನ ಉತ್ತರ ಕೊಡದೆ ಗತ್ಯಂತರವಿರದು.