ಕುದುರೆಯ ಹೊಟ್ಟೆ ಚಿಕ್ಕದು

ಆಳಂದ ತಾಲ್ಲೂಕಿನಲ್ಲಿ ಹರಿಯುವ ಅಮರ್ಜಾ ನದಿ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಈ ಭೀಮೆಯ ದಡದ ಹೆಸರನ್ನೇ ಹೊತ್ತ ಕುದುರೆಯೊಂದುಂಟು; ಅದೇ ಭೀಮಥಡಿ. ಒಂದು ಕಾಲದಲ್ಲಿ ಮರಾಠರ ದಂಡಿನಲ್ಲಿ ಮೆರೆದ ಈ ಗಿಡ್ಡ ತಳಿ ಇಂದು ಅಲೆಮಾರಿ ಕುರಿಗಾರರ ಸಂಸಾರವನ್ನು ಬೆನ್ನ ಮೇಲೆ ಹೊರುತ್ತಿದೆ. ಪಾತ್ರೆ, ಹಾಸಿಗೆ, ಕಾಳಿನ ಚೀಲ, ನಡೆಯಲಾರದ ಕುರಿಮರಿ, ಎಲ್ಲಕ್ಕೂ ಅದೇ ಬಂಡಿ. ಅದು ಮಲಗಿತೆಂದರೆ ಮನೆಯೇ ನಿಂತಂತೆ.

ಇಂಥ ಗಟ್ಟಿ ಪ್ರಾಣಿಗೂ ಒಂದು ದೌರ್ಬಲ್ಯವಿದೆ. ಮೈಗೆ ಹೋಲಿಸಿದರೆ ಕುದುರೆಯ ಜಠರ ಬಲು ಚಿಕ್ಕದು. ದೊಡ್ಡ ಕುದುರೆಗೂ ಅದು ಸುಮಾರು 8ರಿಂದ 15 ಲೀಟರು ಹಿಡಿಯುವಷ್ಟೇ. ಅದು ದನದಂತೆ ಮೆಲುಕು ಹಾಕುವುದಿಲ್ಲ. ತಿಂದುದು ಒಗ್ಗದಿದ್ದರೆ ನಾಯಿಯಂತೆ ವಾಂತಿ ಮಾಡಿ ಹೊರಹಾಕಲೂ ಅರಿಯದು. ಆದುದರಿಂದಲೇ ಸುಗ್ಗಿಯ ಕಾಲದಲ್ಲಿ ಜೋಳದ ರಾಶಿಗೆ ಬಾಯಿ ಹಾಕಿದ ಕುದುರೆ ರಾತ್ರಿಯಾಗುವಷ್ಟರಲ್ಲಿ ಶೂಲೆಯಿಂದ ಹೊರಳಾಡುವ ಸಂಭವವುಂಟು. ಕೆಲವೊಮ್ಮೆ ಶೂಲೆ ತಪ್ಪಿದರೂ ಗೊರಸಿನೊಳಗೆ ಉರಿಯೂತವಾಗಿ ಅದು ಹೆಜ್ಜೆಯಿಡಲಾರದು.

ಮೇವು ದಿನದ ಬಹುಭಾಗ ಸ್ವಲ್ಪಸ್ವಲ್ಪವಾಗಿ ದೊರೆಯಬೇಕು. ಹುಲ್ಲು, ಕಣಿಕೆಗಳೇ ಮುಖ್ಯ. ನೆನೆಸಿದ ಅಥವಾ ಬೇಯಿಸಿದ ಹುರುಳಿ ಮಿತವಾಗಿರಲಿ. ಹೊಸ ಕಾಳಿಗೆ ಒಗ್ಗಿಸಲು ಒಂದು ವಾರವಾದರೂ ಬೇಕು. ಶುದ್ಧವಾದ ನೀರು ಸದಾ ಇರತಕ್ಕದ್ದು. ಬಾಯಾರಿದ ಕುದುರೆಯಲ್ಲಿ ಒಣಮೇವು ಕರುಳಿನಲ್ಲೇ ಕಟ್ಟಿಕೊಳ್ಳುತ್ತದೆ.

ಬಲ್ಲವನು ಬೆಳಗಾದೊಡನೆ ಮೊದಲು ನೋಡುವುದು ಲದ್ದಿಯನ್ನು. ಲದ್ದಿ ನಿಂತಿದ್ದರೆ ಅಥವಾ ಒಣಗಿ ಚಿಕ್ಕದಾಗಿದ್ದರೆ ಎಚ್ಚರ ವಹಿಸಬೇಕು. ವಿಶ್ರಾಂತಿಯಲ್ಲಿರುವ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44. ಮೈಶಾಖ ಸುಮಾರು 38 ಡಿಗ್ರಿ ಸೆಲ್ಸಿಯಸ್. ಬಳಿಕ ನಾಲ್ಕು ಗೊರಸುಗಳನ್ನೂ ಎತ್ತಿ ಮಣ್ಣು ತೆಗೆಯಬೇಕು. ಮಳೆಗಾಲದಲ್ಲಿ ಎರೆಮಣ್ಣು ಅಂಟಿ ನಿಂತರೆ ಗೊರಸು ಕೊಳೆಯುತ್ತದೆ. ಲಾಳ ಕಟ್ಟಿದ್ದರೆ ಆರೆಂಟು ವಾರಗಳಿಗೊಮ್ಮೆ ಬಿಚ್ಚಿ, ಗೊರಸನ್ನು ಕತ್ತರಿಸಿ ಮತ್ತೆ ಕಟ್ಟಿಸುವುದು ಲೇಸು.

ಕುದುರೆ ನೆಲ ಕೆರೆಯುತ್ತ, ಪಕ್ಕೆಯತ್ತ ತಿರುಗಿ ನೋಡುತ್ತ, ಬೆವರಿ ಮಲಗೇಳತೊಡಗಿದರೆ ಅದು ಶೂಲೆಯ ಲಕ್ಷಣ. ಆಗ ಮೇವನ್ನು ದೂರವಿರಿಸಿ ಪಶುವೈದ್ಯರನ್ನು ಕರೆಯಿಸಬೇಕು. ಬಾಯಿಗೆ ಎಣ್ಣೆ, ಕಷಾಯಗಳನ್ನು ಹೊಯ್ಯುವುದು ಅಪಾಯಕರ. ಅದು ಶ್ವಾಸಕೋಶಕ್ಕಿಳಿದರೆ ಪ್ರಾಣಕ್ಕೇ ಮುಳುವು. ಮೂಗಿನಿಂದ ಅಂಟುಸ್ರಾವ, ಮೈಮೇಲೆ ಗಂಟುಹುಣ್ಣು ಕಂಡರೆ ಕುದುರೆಯನ್ನು ಬೇರೆಯಾಗಿ ಕಟ್ಟಿ, ಮಕ್ಕಳನ್ನು ಹತ್ತಿರ ಬಿಡದೆ, ರಕ್ತಪರೀಕ್ಷೆ ಮಾಡಿಸಬೇಕು. ಗ್ಲ್ಯಾಂಡರ್ಸ್ ಎಂಬ ಆ ರೋಗ ಮನುಷ್ಯರಿಗೂ ಅಂಟುತ್ತದೆ.

ನಗರದ ಮಕ್ಕಳು ಮದುವೆಯ ಕುದುರೆಗೋ ಟಾಂಗಾದ ಕುದುರೆಗೋ ಅಕ್ಕರೆಯಿಂದ ತಿಂಡಿ ನೀಡುವುದುಂಟು. ಒಡೆಯನನ್ನು ಕೇಳದೆ ಕೊಟ್ಟ ಬೊಗಸೆ ಸಿಹಿಗಿಂತ ಒಂದು ಬಕೆಟ್ಟು ತಿಳಿನೀರೇ ಅದಕ್ಕೆ ಹಿತ. ಒಲ್ಲದ್ದನ್ನು ಹೊರಹಾಕಲಾರದ ಪ್ರಾಣಿಗೆ ಏನನ್ನು ತಿನ್ನಿಸಬೇಕೆಂಬ ವಿವೇಕವನ್ನು ಮನುಷ್ಯನೇ ವಹಿಸಬೇಕಾಗಿದೆ.